ಮೆರಿಟ್ ಸ್ಕಾಲರ್‌ಶಿಪ್ ಸಂದರ್ಶನ: ನಿಮ್ಮ ಅರ್ಜಿಯೇ ಪ್ರಶ್ನೆಪತ್ರಿಕೆ

ಪಿಯು ಫಲಿತಾಂಶ ಬಂದು, ಸಿಇಟಿ ಸೀಟು ಹಂಚಿಕೆ ಶುರುವಾಗುತ್ತಿದ್ದಂತೆ ಟ್ರಸ್ಟ್, ಪ್ರತಿಷ್ಠಾನಗಳಿಂದ ಸಂದರ್ಶನದ ಕರೆಗಳೂ ಬರತೊಡಗುತ್ತವೆ. ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ಗಳ ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಸಾಮಾನ್ಯವಾಗಿ ಅಂಕ, ಆದಾಯ, ದಾಖಲೆ ಸರಿಯಿದ್ದರೆ ಸಾಕು. ಖಾಸಗಿ ಸಂಸ್ಥೆಗಳಲ್ಲಿ ಹಲವು ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತವೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಆ ಹತ್ತು ಹದಿನೈದು ನಿಮಿಷಗಳ ಬಗ್ಗೆಯೇ ಇವೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿಯಲ್ಲಿ ಶೇ 95 ಬಂದಿದೆ. ವಿದ್ಯಾಧನ್‌ಗೆ ಅರ್ಜಿ ಹಾಕಿದ್ದೇನೆ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಇಂಗ್ಲಿಷ್ ಮಾತಾಡಲು ಬಾರದಿದ್ದರೆ ಕೈಬಿಡುತ್ತಾರೆಯೇ?
— ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಸರೋಜಿನಿ ದಾಮೋದರನ್ ಫೌಂಡೇಷನ್ ನಡೆಸುವ ವಿದ್ಯಾಧನ್ ಇರುವುದೇ ವಾರ್ಷಿಕ ಆದಾಯ 2 ಲಕ್ಷ ರೂಪಾಯಿಯೊಳಗಿನ ಮನೆಗಳ ಮಕ್ಕಳಿಗಾಗಿ. ಅಂಥ ಮನೆಗಳಿಂದ ಬರುವವರಲ್ಲಿ ಕನ್ನಡ ಮಾಧ್ಯಮದವರು ಬಹಳ. ಯಾವುದೇ ಟ್ರಸ್ಟ್ ಇರಲಿ, ಕೂತ ಕೂಡಲೇ ಒಂದು ಮಾತು ಕೇಳಿಬಿಡಿ: "ಸರ್, ಪ್ರಶ್ನೆ ಇಂಗ್ಲಿಷ್‌ನಲ್ಲಿ ಕೇಳಿದರೂ ಅರ್ಥವಾಗುತ್ತದೆ. ಉತ್ತರ ಕನ್ನಡದಲ್ಲಿ ಹೇಳಬಹುದೇ?" ಕರ್ನಾಟಕದ ಮಕ್ಕಳನ್ನು ಆರಿಸುವ ಸಮಿತಿಯಲ್ಲಿ ಕನ್ನಡ ಬಲ್ಲವರೊಬ್ಬರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಮಧ್ಯದಲ್ಲಿ ತಡವರಿಸಿ ಭಾಷೆ ಬದಲಿಸುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು.

ಆದರೂ ನಾಲ್ಕು ಸಂಗತಿಯನ್ನು ಇಂಗ್ಲಿಷ್‌ನಲ್ಲಿ ಹೇಳಲು ಕಲಿತಿಟ್ಟುಕೊಳ್ಳಿ: ಹೆಸರು ಮತ್ತು ಊರು, ತೆಗೆದುಕೊಂಡ ಕೋರ್ಸು, ಅದನ್ನೇ ಯಾಕೆ ಆರಿಸಿದಿರಿ, ಅಪ್ಪ ಅಮ್ಮನ ಕೆಲಸ. ಒಂದೊಂದಕ್ಕೂ ಎರಡೇ ವಾಕ್ಯ. ಯಾರೋ ಬರೆದುಕೊಟ್ಟ ಅರ್ಧ ಪುಟದ ಇಂಗ್ಲಿಷ್ ಬಾಯಿಪಾಠ ಮಾತ್ರ ಬೇಡ. ನಡುವೆ ಒಂದು ಪದ ಮರೆತರೆ ಇಡೀ ಉತ್ತರ ನಿಂತುಹೋಗುತ್ತದೆ. ಮರೆಯದೆ ಒಪ್ಪಿಸಿದರೂ ಅದರೊಳಗಿನ ಒಂದು ಪದ ಹಿಡಿದು ಕೇಳುವ ಮುಂದಿನ ಪ್ರಶ್ನೆಗೆ ಮಾತೇ ಹೊರಡುವುದಿಲ್ಲ.

ಪ್ರಶ್ನೆ: "ನಿಮ್ಮ ಬಗ್ಗೆ ಹೇಳಿ" ಎಂದರೆ ನಮ್ಮ ಕಾಲೇಜಿನ ಮಕ್ಕಳೆಲ್ಲ ಒಂದೇ ರಾಗ ಹಾಡುತ್ತಾರೆ: ನಾನು ಕಷ್ಟಪಟ್ಟು ಓದುತ್ತೇನೆ, ಅಪ್ಪ ಅಮ್ಮನೇ ನನಗೆ ಸ್ಫೂರ್ತಿ, ಸಮಾಜಸೇವೆ ಮಾಡಬೇಕೆಂದಿದೆ. ಇದನ್ನು ಹೇಗೆ ತಿದ್ದುವುದು?
— ಪಿಯು ಉಪನ್ಯಾಸಕರು, ರಾಣೆಬೆನ್ನೂರು

ಉತ್ತರ: ಆ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ದಿನಕ್ಕೆ ಇಪ್ಪತ್ತು ಮೂವತ್ತು ಮಕ್ಕಳನ್ನು ನೋಡುವ ಸಮಿತಿಗೆ ಅವುಗಳಿಂದ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಈ ಪ್ರಶ್ನೆಯ ಉತ್ತರದಲ್ಲಿ ಅವರು ಹುಡುಕುವುದು ಮುಂದಿನ ಪ್ರಶ್ನೆಗೆ ಒಂದು ಎಳೆ. ಆ ಎಳೆಯನ್ನು ವಿದ್ಯಾರ್ಥಿಯೇ ಕೈಗೆ ಕೊಡಬೇಕು.

ಬಿ.ಎಸ್ಸಿ. ಕೃಷಿಗೆ ಸೀಟು ಸಿಕ್ಕ ಹುಡುಗಿಯೊಬ್ಬಳು ಹೀಗೆ ಹೇಳಬಹುದು: "ನಾನು ರಾಣೆಬೆನ್ನೂರು ತಾಲ್ಲೂಕಿನವಳು. ಪಿಸಿಎಂಬಿ ಓದಿದ್ದೇನೆ. ಈ ವರ್ಷ ಬಿ.ಎಸ್ಸಿ. ಕೃಷಿಗೆ ಸೀಟು ಸಿಕ್ಕಿದೆ. ನಮ್ಮದು ಮೂರು ಎಕರೆ ಮಳೆಯಾಶ್ರಿತ ಹೊಲ, ಗೋವಿನಜೋಳ ಹಾಕುತ್ತೇವೆ. ಸೈನಿಕ ಹುಳು ಬಿದ್ದ ವರ್ಷ ಅಪ್ಪ ಔಷಧ ಹೊಡೆಯುವ ಹೊತ್ತಿಗೆ ಹುಳು ಸುಳಿಯೊಳಗೆ ಸೇರಿಕೊಂಡಿತ್ತು. ಮೊದಲೇ ಗುರುತಿಸುವುದು ಹೇಗೆ ಎಂದು ತಿಳಿಯಲು ಹೋಗಿ ಕೀಟಶಾಸ್ತ್ರದ ಮೇಲೆ ಆಸಕ್ತಿ ಬಂತು." ಅರ್ಧ ನಿಮಿಷದ ಮಾತು. ಇದರೊಳಗೆ ಊರು, ಓದು, ಮನೆಯ ಸ್ಥಿತಿ, ಕೋರ್ಸು ಆರಿಸಿದ ಕಾರಣ ನಾಲ್ಕೂ ಬಂದವು. "ನಾವು ಬಡವರು" ಎನ್ನುವ ಅಗತ್ಯವೂ ಬೀಳಲಿಲ್ಲ.

ಈಗ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಆ ಹುಳುವನ್ನು ಹೇಗೆ ಗುರುತಿಸುತ್ತೀಯಮ್ಮ?" ತಲೆಯ ಮೇಲೆ ತಿರುಗುಮುರುಗಾದ ವೈ ಆಕಾರದ ಗೆರೆ, ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಎಂದು ಅವಳು ಹೇಳಬೇಕು. 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದೇ ಕರ್ನಾಟಕದಲ್ಲಿ ಎಂಬುದೂ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಇದು ಗೊತ್ತಿಲ್ಲದಿದ್ದರೆ ಹುಳುವಿನ ಪ್ರಸ್ತಾಪವನ್ನೇ ಮಾಡಬಾರದು. ಮಕ್ಕಳಿಗೆ ಹೇಳಿಕೊಡಬೇಕಾದ ಅಳತೆ ಇದೇ: ಯಾವ ಸಂಗತಿಯ ಮೇಲೆ ಇನ್ನೆರಡು ಪ್ರಶ್ನೆ ಬಂದರೂ ಉತ್ತರವಿದೆಯೋ ಅದನ್ನಷ್ಟೇ ಬಾಯಿಂದ ತೆಗೆಯಬೇಕು. ಅರ್ಜಿಯಲ್ಲಿ "ಹವ್ಯಾಸ: ಪುಸ್ತಕ ಓದುವುದು" ಎಂದು ಬರೆದು, ಕೊನೆಯದಾಗಿ ಓದಿದ ಪುಸ್ತಕ ಯಾವುದೆಂದಾಗ ಚಾವಣಿ ನೋಡುವವರೇ ಹೆಚ್ಚು.

ನಿಮ್ಮ ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಸಿ ನೋಡಿ. ಕಳುಹಿಸಿದ ಅರ್ಜಿಯ ಪ್ರತಿಯನ್ನು ಪಕ್ಕದವರ ಕೈಗೆ ಕೊಡಿಸಿ, ಅದರ ಪ್ರತಿ ಸಾಲಿಗೂ "ಯಾಕೆ?" ಮತ್ತು "ಎಷ್ಟು?" ಎಂದು ಕೇಳಿಸಿ. ನಿಜವಾದ ಸಂದರ್ಶನದ ಬಹುಪಾಲು ಪ್ರಶ್ನೆಗಳು ಅಲ್ಲೇ ಹೊರಬೀಳುತ್ತವೆ. ಅರ್ಜಿಯ ಪ್ರತಿ ಇಟ್ಟುಕೊಳ್ಳದೆ ಕಳುಹಿಸುವುದು ದೊಡ್ಡ ತಪ್ಪು. ಸೈಬರ್ ಸೆಂಟರ್‌ನವರು ತುಂಬಿದ್ದಾದರೆ ಏನು ತುಂಬಿದ್ದಾರೆ ಎಂಬುದೇ ಮಕ್ಕಳಿಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಮಗನಿಗೆ ಸಂದರ್ಶನಕ್ಕೆ ಕರೆ ಬಂದಿದೆ. ಆದಾಯ ಪ್ರಮಾಣಪತ್ರದಲ್ಲಿ 84,000 ಎಂದಿದೆ. ಆದರೆ ಮನೆ ಆರ್‌ಸಿಸಿ, ಬೈಕ್ ಕೂಡ ಇದೆ. ಕೇಳಿದರೆ ಅವನು ಏನು ಹೇಳಬೇಕು?
— ರೈತರು, ಚಳ್ಳಕೆರೆ

ಉತ್ತರ: ಇದ್ದದ್ದನ್ನು ಇದ್ದ ಹಾಗೆ, ಲೆಕ್ಕದ ಸಮೇತ. ಒಂದು ಸಂಜೆ ಮಗನನ್ನು ಕೂರಿಸಿಕೊಂಡು ಮನೆಯ ವರ್ಷದ ಲೆಕ್ಕವನ್ನು ಅವನ ಕೈಯಲ್ಲೇ ಬರೆಸಿ. ಉದಾಹರಣೆಗೆ ನಾಲ್ಕು ಎಕರೆ ಶೇಂಗಾ, ಎಕರೆಗೆ 4 ಕ್ವಿಂಟಲ್‌ನಂತೆ 16 ಕ್ವಿಂಟಲ್, ಕ್ವಿಂಟಲ್‌ಗೆ 6,000 ಸಿಕ್ಕರೆ 96,000. ಬೀಜ, ಗೊಬ್ಬರ, ಉಳುಮೆ, ಕೂಲಿಗೆ ಎಕರೆಗೆ 14,000ದಂತೆ 56,000 ಕಳೆದರೆ ಉಳಿಯುವುದು 40,000. ಡೇರಿಗೆ ಹಾಕುವ ಹಾಲಿನಿಂದ ಮೇವು, ಹಿಂಡಿ ಖರ್ಚು ಕಳೆದು 23,000. ತಾಯಿಯ ಹೊಲಿಗೆಯಿಂದ ತಿಂಗಳಿಗೆ 3,000ದಂತೆ 36,000. ಒಟ್ಟು 99,000. ಪ್ರಮಾಣಪತ್ರಕ್ಕೂ ಇದಕ್ಕೂ 15,000 ವ್ಯತ್ಯಾಸ ಬಂತಲ್ಲ ಎಂದು ಗಾಬರಿ ಬೇಡ. ನಾಡಕಚೇರಿಯ ಆದಾಯ ಪ್ರಮಾಣಪತ್ರ 5 ವರ್ಷ ಚಾಲ್ತಿಯಲ್ಲಿರುತ್ತದೆ. "ಅದು ಮೂರು ವರ್ಷದ ಹಿಂದಿನದು ಸರ್, ಈಗ ಸುಮಾರು ಇಷ್ಟು" ಎಂದರೆ ಮುಗಿಯಿತು. ಕೆಲವು ಟ್ರಸ್ಟ್‌ಗಳು ಅದೇ ವರ್ಷದ ಪ್ರಮಾಣಪತ್ರವನ್ನೇ ಕೇಳುತ್ತವೆ. ಕರೆಪತ್ರದಲ್ಲಿ ಆ ಸಾಲಿದೆಯೇ ನೋಡಿ, ಇದ್ದರೆ ಈಗಲೇ ಅರ್ಜಿ ಹಾಕಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂದು ಅದನ್ನು ಲೆಕ್ಕದಿಂದ ಬಿಡುವಂತೆಯೂ ಇಲ್ಲ.

ಮನೆ ವಸತಿ ಯೋಜನೆಯ ಅನುದಾನದಲ್ಲಿ ಕಟ್ಟಿದ್ದಾದರೆ ಹಾಗೆಂದು ಹೇಳಲಿ. ಬೈಕ್ ಕಂತಿನ ಮೇಲಿದ್ದರೆ ತಿಂಗಳ ಕಂತು ಎಷ್ಟು, ಸೊಸೈಟಿ ಸಾಲ ಎಷ್ಟು ಬಾಕಿ ಎಂಬುದೂ ಅವನಿಗೆ ಗೊತ್ತಿರಲಿ. ಆರ್‌ಸಿಸಿ ಮನೆ ಇದ್ದದ್ದಕ್ಕೆ ಯಾರೂ ಹುಡುಗನನ್ನು ಕೈಬಿಡುವುದಿಲ್ಲ. ಶೀಟಿನ ಮನೆ ಎಂದು ಹೇಳಿ, ಆಮೇಲೆ ಮನೆ ನೋಡಲು ಬಂದವರಿಗೆ ಆರ್‌ಸಿಸಿ ಕಂಡರೆ ಖಂಡಿತ ಕೈಬಿಡುತ್ತಾರೆ. ಹಲವು ಟ್ರಸ್ಟ್‌ಗಳು ಮನೆಗೆ ಬಂದು ನೋಡಿಯೇ ಅಂತಿಮ ಪಟ್ಟಿ ಮಾಡುತ್ತವೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿಯಲ್ಲಿ 94, ಪ್ರಥಮ ಪಿಯುನಲ್ಲಿ 68. ಇದನ್ನೇ ಕೆದಕುತ್ತಾರೆಂಬ ಭಯ.
— ವಿದ್ಯಾರ್ಥಿ, ಕೊಳ್ಳೇಗಾಲ

ಉತ್ತರ: ಕೇಳಿಯೇ ಕೇಳುತ್ತಾರೆ. ಕನ್ನಡ ಮಾಧ್ಯಮದಿಂದ ಬಂದು ವಿಜ್ಞಾನವನ್ನು ಒಮ್ಮೆಲೇ ಇಂಗ್ಲಿಷ್‌ನಲ್ಲಿ ಓದುವವರಿಗೆ ಮೊದಲ ವರ್ಷ ಅಂಕ ಇಳಿಯುವುದನ್ನು ಸಮಿತಿಯವರು ಬೇಕಾದಷ್ಟು ನೋಡಿರುತ್ತಾರೆ. ಕಾರಣವನ್ನು ಒಂದು ವಾಕ್ಯದಲ್ಲಿ ಮುಗಿಸಿ, ಆಮೇಲೆ ಏನು ಮಾಡಿದಿರಿ ಎಂಬುದಕ್ಕೆ ಹೆಚ್ಚು ಹೊತ್ತು ಕೊಡಿ: ಯಾವ ವಿಷಯದಲ್ಲಿ ಹಿಂದೆ ಬಿದ್ದಿರಿ, ಅದಕ್ಕೆ ಹೇಗೆ ಓದಿದಿರಿ, ದ್ವಿತೀಯ ಪಿಯು ಪರೀಕ್ಷೆಗಳಲ್ಲಿ ಆ ವಿಷಯದ ಅಂಕ ಎಷ್ಟಕ್ಕೆ ಏರಿತು. ಅಂಕಪಟ್ಟಿ ಜೊತೆಗಿರಲಿ. ಉಪನ್ಯಾಸಕರು ಸರಿಯಾಗಿ ಪಾಠ ಮಾಡಲಿಲ್ಲ ಎಂಬ ಮಾತು ನಿಜವೇ ಆಗಿದ್ದರೂ ಅಲ್ಲಿ ಬೇಡ, ಅದರಿಂದ ನಿಮ್ಮ ಪ್ರಯತ್ನ ಅವರಿಗೆ ಕಾಣುವುದಿಲ್ಲ.

ಪ್ರಶ್ನೆ: ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಎಷ್ಟು ಹಣ ಬೇಕು ಎಂದು ಕೇಳಿದರೆ ಎಷ್ಟು ಹೇಳಲಿ? ಜಾಸ್ತಿ ಹೇಳಿದರೆ ದುರಾಸೆ ಎಂದುಕೊಳ್ಳುವುದಿಲ್ಲವೇ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಲೆಕ್ಕ ಬಿಡಿಸಿ ಹೇಳಿದರೆ ಯಾವ ಮೊತ್ತವೂ ದುರಾಸೆ ಅನ್ನಿಸುವುದಿಲ್ಲ. ಕಾಲೇಜು ಶುಲ್ಕ, ಹಾಸ್ಟೆಲ್ ಮತ್ತು ಮೆಸ್, ಪುಸ್ತಕ, ಪರೀಕ್ಷಾ ಶುಲ್ಕ, ಊರಿಗೆ ಹೋಗಿಬರುವ ಖರ್ಚು ಎಂದು ಬೇರೆ ಬೇರೆ ಬರೆಯಿರಿ. ಕೆಳಗೆ ಮನೆಯವರು ಎಷ್ಟು ಹಾಕುತ್ತಾರೆ, ಬೇರೆ ಕಡೆಯಿಂದ ಎಷ್ಟು ಬರುತ್ತದೆ ಎಂದು ಬರೆದು ಕಳೆಯಿರಿ. ಉಳಿದದ್ದೇ ನಿಮ್ಮ ಉತ್ತರ. ಎಸ್‌ಎನ್‌ಕ್ಯೂ ಕೋಟಾದಲ್ಲಿ (ಕಡಿಮೆ ಆದಾಯದ ಮನೆಗಳ ಮಕ್ಕಳಿಗಿರುವ ಹೆಚ್ಚುವರಿ ಸೀಟು) ಸೀಟು ಸಿಕ್ಕಿದ್ದರೆ ಬೋಧನಾ ಶುಲ್ಕದ ವಿನಾಯಿತಿ ಇರುತ್ತದೆ. ಅದನ್ನು ಬಿಟ್ಟು ಪೂರ್ತಿ ಶುಲ್ಕ ಹೇಳಿದರೆ ಪ್ರವೇಶಪತ್ರ ನೋಡಿದ ಕೂಡಲೇ ಗೊತ್ತಾಗುತ್ತದೆ.

ಪ್ರಶ್ನೆ: ಸಂದರ್ಶನ ವಿಡಿಯೊ ಕರೆಯಲ್ಲಿ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಅಕ್ಕನದು. ಕರೆಂಟೂ ಆಗಾಗ ಹೋಗುತ್ತದೆ.
— ವಿದ್ಯಾರ್ಥಿನಿ, ಶಿರಾ

ಉತ್ತರ: ಮೊಬೈಲೇ ಸಾಕು. ಕೈಯಲ್ಲಿ ಹಿಡಿಯಬೇಡಿ. ಪುಸ್ತಕಗಳ ಒಟ್ಟಿಲಿಗೆ ಒರಗಿಸಿ ಕಣ್ಣಿನ ಮಟ್ಟಕ್ಕೆ ಅಡ್ಡವಾಗಿ ನಿಲ್ಲಿಸಿ. ಕಿಟಕಿ ಎದುರಿಗಿರಲಿ, ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ವೈರ್ ಇರುವ ಇಯರ್‌ಫೋನ್ ಹಾಕಿಕೊಂಡರೆ ನಿಮ್ಮ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ. ಹಿಂದಿನ ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿ. ದಿನದ ಡೇಟಾ ಬೆಳಿಗ್ಗೆಯೇ ಖರ್ಚಾಗದಂತೆ ನೋಡಿಕೊಳ್ಳಿ. ಕರೆಂಟು ಹೋದರೆ ಮನೆಯ ವೈಫೈ ಹೋಗುತ್ತದೆ, ಹಾಗಾಗಿ ಮೊಬೈಲ್ ಡೇಟಾ ಎಲ್ಲಿ ಚೆನ್ನಾಗಿ ಸಿಗುತ್ತದೋ ಆ ಜಾಗವನ್ನು ಅದೇ ಹೊತ್ತಿನಲ್ಲಿ ಮುಂಚಿನ ದಿನವೇ ಪರೀಕ್ಷಿಸಿ.

ಹೆಚ್ಚಿನವರು ಮರೆಯುವುದು ಎರಡು. ಆ್ಯಪ್‌ನಲ್ಲಿ ಅಕ್ಕನ ಹೆಸರಿದ್ದರೆ, ಕಾಯುತ್ತಿರುವುದು ಬೇರೆ ಯಾರೋ ಎಂದು ನಿಮ್ಮನ್ನು ಒಳಗೆ ಸೇರಿಸದೇ ಇರಬಹುದು. ಅರ್ಜಿಯಲ್ಲಿರುವ ಹೆಸರನ್ನೇ ಹಾಕಿ. ಇನ್ನೊಂದು, ಮಧ್ಯದಲ್ಲಿ ಫೋನ್ ಕರೆ ಬಂದರೆ ಹಲವು ಮೊಬೈಲ್‌ಗಳಲ್ಲಿ ಧ್ವನಿ ನಿಂತುಬಿಡುತ್ತದೆ. ಅಕ್ಕನ ನಂಬರಿಗೆ ಬರುವ ಕರೆಗಳನ್ನು ಅಷ್ಟು ಹೊತ್ತು ಮನೆಯ ಬೇರೆ ಫೋನಿಗೆ ತಿರುಗಿಸಿಡಿ. ಸಂಪರ್ಕ ಕಡಿದರೆ ಯಾವ ನಂಬರಿಗೆ ತಿಳಿಸಬೇಕು ಎಂಬುದನ್ನು ಮೊದಲೇ ಕೇಳಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಎರಡು ಸ್ಕಾಲರ್‌ಶಿಪ್ ಒಟ್ಟಿಗೆ ಪಡೆಯಬಹುದೇ?
— ಓದುಗರು, ಪುತ್ತೂರು

ಉತ್ತರ: ಆಯಾ ಯೋಜನೆಯ ಷರತ್ತಿನ ಮೇಲೆ ಹೋಗುತ್ತದೆ. ಪದವಿಗೆ ವರ್ಷಕ್ಕೆ 12,000 ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನ ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ ಇಲ್ಲ. ಖಾಸಗಿ ಟ್ರಸ್ಟ್‌ಗಳಲ್ಲಿ ಕೆಲವು ಒಪ್ಪುತ್ತವೆ, ಕೆಲವು ಅಷ್ಟು ಮೊತ್ತ ಕಡಿತ ಮಾಡುತ್ತವೆ. ಸಂದರ್ಶನದಲ್ಲಿ ಕೇಳಿದರೆ ಬೇರೆಲ್ಲಿ ಅರ್ಜಿ ಹಾಕಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ.

ಪ್ರಶ್ನೆ: ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯೇ" ಎಂದರೆ ಏನು ಕೇಳುವುದು? ಯಾವ ದಾಖಲೆಗಳು ಜೊತೆಗಿರಬೇಕು?
— ವಿದ್ಯಾರ್ಥಿನಿ, ಶಿರಸಿ

ಉತ್ತರ: ಮುಂದಿನ ವರ್ಷ ನವೀಕರಣಕ್ಕೆ ಕನಿಷ್ಠ ಎಷ್ಟು ಅಂಕ ಬೇಕು, ಒಂದು ವಿಷಯ ಬಾಕಿ ಉಳಿದರೆ ಏನಾಗುತ್ತದೆ, ಹಣ ಕಾಲೇಜಿಗೆ ಹೋಗುತ್ತದೋ ನಿಮ್ಮ ಖಾತೆಗೋ. ಈ ಮೂರೂ ಕೇಳತಕ್ಕ ಪ್ರಶ್ನೆಗಳು. ಆಯ್ಕೆ ಆಯಿತೇ ಎಂದು ಅಲ್ಲೇ ಕೇಳಬೇಡಿ.

ದಾಖಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯು ಅಂಕಪಟ್ಟಿ, ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ) ಸ್ಪಷ್ಟವಾಗಿ ಕಾಣುವ ಆದಾಯ ಪ್ರಮಾಣಪತ್ರ, ಆಧಾರ್, ಪ್ರವೇಶಪತ್ರ, ಶುಲ್ಕ ರಸೀದಿ, ಪಾಸ್‌ಬುಕ್‌ನ ಮೊದಲ ಪುಟ ಇದೇ ಕ್ರಮದಲ್ಲಿರಲಿ. ಮೂಲಪ್ರತಿ ಒಂದು ಫೈಲಿನಲ್ಲಿ, ಜೆರಾಕ್ಸ್ ಎರಡು ಸೆಟ್ ಇನ್ನೊಂದರಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ ಇದ್ದರೆ ಮೊದಲೇ ತಿಳಿಸಿ. ಹೆಸರೇ ಬೇರೆ ಇದ್ದರೆ ಆಧಾರ್ ತಿದ್ದುಪಡಿಗೆ ಈಗಲೇ ಕೊಡಿ.

ಪಾಸ್‌ಬುಕ್ ಬಗ್ಗೆ ಒಂದು ಎಚ್ಚರಿಕೆ. ಪೂರ್ಣ ದಾಖಲೆ ಕೊಡದೆ ತೆರೆದ "ಸಣ್ಣ ಖಾತೆ"ಯಲ್ಲಿ ಒಮ್ಮೆಗೆ 50,000ಕ್ಕಿಂತ ಹೆಚ್ಚು ಹಣ ಇರುವಂತಿಲ್ಲ, ವರ್ಷದಲ್ಲಿ 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಟ್ರಸ್ಟ್ ಕಳುಹಿಸಿದ 60,000 ಇಂಥ ಖಾತೆಗೆ ಜಮಾ ಆಗದೆ ಹಿಂದಿರುಗಬಹುದು, ಅಷ್ಟರಲ್ಲಿ ಕಾಲೇಜಿನ ಶುಲ್ಕದ ಕೊನೆಯ ದಿನ ದಾಟಿರುತ್ತದೆ. ಚಿಕ್ಕಂದಿನಲ್ಲಿ ತೆರೆಸಿದ ಮೈನರ್ ಖಾತೆಗೂ ಬ್ಯಾಂಕ್ ಮಿತಿ ಹಾಕಿರಬಹುದು. ಸಂದರ್ಶನಕ್ಕೆ ಮೊದಲೇ ಆಧಾರ್, ಪ್ಯಾನ್ ತೆಗೆದುಕೊಂಡು ಶಾಖೆಗೆ ಹೋಗಿ ಕೆವೈಸಿ ಪೂರ್ತಿ ಮಾಡಿಸಿ, ಖಾತೆ ಮಾಮೂಲಿ ಉಳಿತಾಯ ಖಾತೆಯಾಗಿದೆಯೇ ಎಂದು ಕೌಂಟರಿನಲ್ಲೇ ಕೇಳಿ ತಿಳಿದುಕೊಳ್ಳಿ.