ಬೆದೆಯ ಹಾರ್ಮೋನುಗಳು ಮೆಲಟೋನಿನ್ ಮೇಲೂ ಪ್ರಭಾವ ಬೀರುತ್ತವೆಯೇ?

ಮಿದುಳಿನ ಪೀನಿಯಲ್ ಗ್ರಂಥಿ ಇರುಳಿನಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ಪ್ರಾಣಿಗಳ ಬೆದೆಯ ಕಾಲವನ್ನು ನಿರ್ಧರಿಸುತ್ತದೆ ಎಂದು ಓದಿದ್ದೇನೆ, ಅಂಡಾಶಯ ಮತ್ತು ವೃಷಣಗಳ ಹಾರ್ಮೋನುಗಳು ತಿರುಗಿ ಅದರ ಮೇಲೆ ಪ್ರಭಾವ ಬೀರುತ್ತವೆಯೇ ಎಂದು ತಾವು ಕೇಳಿದ್ದೀರಿ. ಬೀರುತ್ತವೆ, ಆದರೆ ಎಲ್ಲ ಪ್ರಾಣಿಗಳಲ್ಲೂ ಒಂದೇ ಮಟ್ಟಿಗೆ ಅಲ್ಲ.

ಈ ವಿಷಯದಲ್ಲಿ ನಾನು ಹೆಚ್ಚು ನೆಚ್ಚುವುದು ಇಲಿಯ ಮೇಲಿನ ಪ್ರಯೋಗಗಳನ್ನು. ಹೆಣ್ಣಿಲಿಯ ಬೆದೆಚಕ್ರ ನಾಲ್ಕೈದು ದಿನಗಳದು. ಮೆಲಟೋನಿನ್ ತಯಾರಿಕೆಯ ಕೊನೆಯ ಹಂತವನ್ನು ನಡೆಸುವ ಕಿಣ್ವದ ಚಟುವಟಿಕೆ ಬೆದೆಯ ಹಿಂದಿನ ದಿನ ಮತ್ತು ಬೆದೆಯ ದಿನ ಕುಗ್ಗುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳಾದ ವುರ್ಟ್‌ಮನ್, ಆಕ್ಸೆಲ್‌ರಾಡ್ ಮತ್ತು ಸಂಗಡಿಗರು 1965ರಲ್ಲೇ ತೋರಿಸಿದ್ದರು. ಅದು ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್ ಏರಿರುವ ಕಾಲ. ಕೇವಲ ಕಾಕತಾಳೀಯವಲ್ಲವೇ ಎಂದು ಸಂಶಯಪಡುವವರಿಗೆ ಮುಂದಿನ ಪ್ರಯೋಗಗಳು ಉತ್ತರ ಕೊಟ್ಟವು: ಅಂಡಾಶಯ ತೆಗೆದ ಇಲಿಗಳಲ್ಲಿ ಇರುಳಿನ ಮೆಲಟೋನಿನ್ ಏರಿತು, ಈಸ್ಟ್ರೋಜನ್ ಮತ್ತು ಅಂಡಾಶಯದ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರಾನ್ ಕೊಟ್ಟಾಗ ಮತ್ತೆ ಇಳಿಯಿತು.

ಇದು ಹೇಗೆ ನಡೆಯುತ್ತದೆ ಎಂದರೆ, ಕತ್ತಲಾದ ಮೇಲೆ ಕುತ್ತಿಗೆಯ ನರಗಂಟಿನಿಂದ ಹೊರಟ ನರತಂತುಗಳು ಪೀನಿಯಲ್ ಗ್ರಂಥಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಸುರಿಸುತ್ತವೆ, ಅದು ಕೋಶದ ಮೇಲೆ ಆ ಸಂದೇಶವನ್ನು ಹಿಡಿಯುವ ಬೀಟಾ ಗ್ರಾಹಕಗಳಿಗೆ ತಗಲಿದಾಗ ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣು ಹೆಚ್ಚಿ, ಸಿರೊಟೋನಿನ್ ಎಂಬ ರಾಸಾಯನಿಕದಿಂದ ಮೆಲಟೋನಿನ್ ತಯಾರಾಗತೊಡಗುತ್ತದೆ. ಪೀನಿಯಲ್ ಕೋಶಗಳಲ್ಲಿ ಈಸ್ಟ್ರೋಜನ್ನಿಗೂ ಗ್ರಾಹಕಗಳಿದ್ದು, ಈಸ್ಟ್ರೋಜನ್ನಿನ ಮುಖ್ಯ ರೂಪವಾದ ಎಸ್ಟ್ರಾಡಿಯೋಲ್ ಈ ಬೀಟಾ ಗ್ರಾಹಕಗಳ ಸ್ಪಂದನೆಯನ್ನು ತಗ್ಗಿಸುತ್ತದೆ. ಕತ್ತಲೆಯ ಸಂದೇಶ ಎಂದಿನಂತೆಯೇ ಬಂದರೂ ಗ್ರಂಥಿ ಅದಕ್ಕೆ ಮೊದಲಿನಷ್ಟು ಓಗೊಡುವುದಿಲ್ಲ. ಆದರೆ ಕೊಟ್ಟ ಹಾರ್ಮೋನಿನ ಪ್ರಮಾಣ ಮತ್ತು ಪ್ರಾಣಿಯ ವಯಸ್ಸಿಗೆ ತಕ್ಕಂತೆ ಫಲಿತಾಂಶ ಬದಲಾಗುವುದರಿಂದ, ಒಂದೇ ಪ್ರಯೋಗವನ್ನು ಓದಿ ತೀರ್ಮಾನಕ್ಕೆ ಬರಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಮೂರು ಗೀರಿನ ಅಳಿಲಿನ ಹತ್ತಿರದ ಬಂಧುವಾದ ಐದು ಗೀರಿನ ಅಳಿಲನ್ನು ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಸಂತಾನೋತ್ಪತ್ತಿ ನಿಂತಿರುವ ಚಳಿಗಾಲದಲ್ಲಿ ಅದರ ಪೀನಿಯಲ್ ಚುರುಕಾಗಿರುತ್ತದೆ, ಬೆದೆಯ ಕಾಲದಲ್ಲಿ ಮಂದವಾಗಿರುತ್ತದೆ. ಆದರೆ ಯಾವುದು ಯಾವುದನ್ನು ತಗ್ಗಿಸಿತೆಂದು ಇಂತಹ ಏರಿಳಿತವೊಂದರಿಂದಲೇ ಹೇಳಲಾಗದು. ಅದಕ್ಕಾಗಿಯೇ ನಾನು ಅಂಡಾಶಯ ತೆಗೆದು ಹಾರ್ಮೋನು ಮರಳಿ ಕೊಟ್ಟ ಪ್ರಯೋಗಗಳನ್ನು ಮೊದಲು ಹೇಳಿದೆ.

ಕುರಿಯಲ್ಲಿ ಚಿತ್ರ ಬೇರೆ. ಅಂಡಾಶಯವಿರಲಿ, ಇಲ್ಲದಿರಲಿ, ಅದರ ಮೆಲಟೋನಿನ್ ಸ್ರವಿಸುವ ಅವಧಿ ಇರುಳಿನ ಉದ್ದವನ್ನೇ ಅನುಸರಿಸುತ್ತದೆ. ಮನುಷ್ಯರಲ್ಲಿ, ಲೈಂಗಿಕ ಗ್ರಂಥಿಗಳ ಕೆಲಸಕ್ಕೆ ಚಾಲನೆ ಕೊಡುವ ಜಿಎನ್‌ಆರ್‌ಎಚ್ ಎಂಬ ಮಿದುಳಿನ ಹಾರ್ಮೋನಿನ ಕೊರತೆಯಿಂದ ವೃಷಣಗಳ ಹಾರ್ಮೋನಾದ ಟೆಸ್ಟೋಸ್ಟಿರಾನ್ ಕಡಿಮೆಯಾದ ಗಂಡಸರಲ್ಲಿ ಇರುಳಿನ ಮೆಲಟೋನಿನ್ ಹೆಚ್ಚಿರುವುದೂ, ಟೆಸ್ಟೋಸ್ಟಿರಾನ್ ಚಿಕಿತ್ಸೆಯಿಂದ ಅದು ಇಳಿಯುವುದೂ ಕಂಡುಬಂದಿದೆ. ಹೀಗಾಗಿ, ಮೆಲಟೋನಿನ್ ಯಾವಾಗ ಸ್ರವಿಸಬೇಕು ಎಂಬುದು ಬೆಳಕು ಕತ್ತಲೆಗಳಿಗೆ ಸೇರಿದ್ದು, ಎಷ್ಟು ಸ್ರವಿಸಬೇಕು ಎಂಬುದರಲ್ಲಿ ಮಾತ್ರ ಕೆಲವು ಪ್ರಾಣಿಗಳ ಲೈಂಗಿಕ ಹಾರ್ಮೋನುಗಳಿಗೂ ಪಾಲಿದೆ ಎಂದು ನಾನು ತಿಳಿದುಕೊಂಡಿದ್ದೇನೆ.