ನಾರ್ವೆಯ ರಿಕ್ಸ್‌ಮೆಕ್ಲರ್ ಯಾರು? ಅವರಿಗೆ ಮುಷ್ಕರ ನಿಲ್ಲಿಸುವ ಅಧಿಕಾರವಿದೆಯೇ?

ಶಾಶ್ವತವಾಗಿ ನಿಲ್ಲಿಸುವ ಅಧಿಕಾರವಿಲ್ಲ. ಸ್ವಲ್ಪ ಕಾಲ ತಡೆಹಿಡಿಯಬಹುದು, ಅಷ್ಟೇ. ರಿಕ್ಸ್‌ಮೆಕ್ಲರ್ ಎಂದರೆ ಕಾರ್ಮಿಕ ಸಂಘಗಳು ಮತ್ತು ಮಾಲೀಕರ ನಡುವೆ ರಾಜಿ ಮಾಡಿಸುವ ರಾಷ್ಟ್ರೀಯ ಸಂಧಾನಕಾರ. 1915ರ ಕಾರ್ಮಿಕ ವಿವಾದ ಕಾಯ್ದೆಯಿಂದ ಹುಟ್ಟಿದ ಹುದ್ದೆ ಇದು.

ಈಗಿನ ಮಾಟ್ಸ್ ರೂಲಾಂಡ್ ಕಾನೂನು ಓದಿದವರು, 2018ರಿಂದ ಈ ಹುದ್ದೆಯಲ್ಲಿದ್ದಾರೆ. ಹಾಗೆಂದು ಇದು ಕಾನೂನಿನವರಿಗೇ ಮೀಸಲಲ್ಲ. ಹಿಂದೆ ಈ ಕುರ್ಚಿಯಲ್ಲಿದ್ದ ಸ್ವೈನ್ ಲೋಂಗ್ವಾ ದೇಶದ ಅಂಕಿಅಂಶ ಇಲಾಖೆಯನ್ನು ನಡೆಸಿದವರು. ಸಂಬಳದ ಜಗಳದಲ್ಲಿ ಲೆಕ್ಕ ಬಲ್ಲವರೂ ಬೇಕಲ್ಲವೇ!

ಕೆಲಸದ ಸ್ವಾರಸ್ಯ ಗಡುವಿನಲ್ಲಿದೆ. ಮಾತುಕತೆ ಮುರಿದು ಮುಷ್ಕರದ ನೋಟಿಸು ಬಂದಾಗ ಸಂಧಾನಕಾರರು ಮುಷ್ಕರಕ್ಕೆ ತಾತ್ಕಾಲಿಕ ನಿಷೇಧ ಹೇರುತ್ತಾರೆ. ಹತ್ತು ದಿನ ಕಳೆದ ಮೇಲೆ ಯಾವ ಪಕ್ಷವಾದರೂ 'ಸಂಧಾನ ಸಾಕು' ಎನ್ನಬಹುದು. ಅಲ್ಲಿಂದ ನಾಲ್ಕು ದಿನಗಳೊಳಗೆ ಎಲ್ಲವೂ ಮುಗಿಯಬೇಕು. ಕೊನೆಯ ರಾತ್ರಿ ಗಡುವು ದಾಟಿದರೂ ಚೌಕಾಶಿ ನಡೆಯುವುದುಂಟು.

2023ರ ಏಪ್ರಿಲ್‌ನಲ್ಲಿ ರೂಲಾಂಡ್ ಅವರ ಸಂಧಾನವೂ ಫಲಿಸಲಿಲ್ಲ. ಕಾರ್ಮಿಕ ಒಕ್ಕೂಟ ಎಲ್‌ಓ ಬೀದಿಗಿಳಿಯಿತು. ನಾಲ್ಕೇ ದಿನದಲ್ಲಿ, ಶೇ 5.2ರ ವೇತನ ಏರಿಕೆಗೆ ಮಾಲೀಕರ ಸಂಘ ಎನ್‌ಎಚ್‌ಓ ಒಪ್ಪಿದಾಗ ಮುಷ್ಕರ ಮುಗಿಯಿತು. ನನ್ನ ಮಟ್ಟಿಗೆ ಅದು ಸೋಲೇನಲ್ಲ, ಸಂಧಾನ ಬೇರೆ ದಾರಿಯಲ್ಲಿ ಮುಂದುವರಿಯಿತು. ಆದರೆ ಜನರ ಜೀವ, ಆರೋಗ್ಯ ಅಥವಾ ಸಮಾಜದ ಮುಖ್ಯ ಹಿತಕ್ಕೆ ಅಪಾಯವಾಗುವಂಥ ಮುಷ್ಕರಗಳಾದರೆ ಸರ್ಕಾರವೇ ಕಡ್ಡಾಯ ವೇತನ ಮಂಡಳಿಯ, ಅಂದರೆ ಎರಡೂ ಪಕ್ಷಗಳು ಒಪ್ಪಲೇಬೇಕಾದ ತೀರ್ಪು ಕೊಡುವ ಮಂಡಳಿಯ, ದಾರಿ ಹಿಡಿಯುತ್ತದೆ.