ಸಿದ್ದರಾಮಯ್ಯ ಒಂದು ಸಲವೂ ಸೋತಿಲ್ಲವೇ? ಒಬ್ಬ ಚಾಮುಂಡೇಶ್ವರಿ ಮತದಾರನ ಉತ್ತರ

ನೀವು ಕೇಳಿದ್ದು ಇಷ್ಟು: ಸಿದ್ದರಾಮಯ್ಯ 'ಸೋಲಿಲ್ಲದ ಸರದಾರ' ಅಂತ ಯಾರೋ ಹೇಳಿದರು, ನಿಜವೇ? ಅವರು ಚುನಾವಣೆಗೆ ನಿಲ್ಲಲು ಶುರು ಮಾಡಿದ್ದು ಎಲ್ಲಿಂದ?

ನಿಜ ಅಲ್ಲ. ಆ ಬಿರುದು ಇದ್ದದ್ದು ಮಲ್ಲಿಕಾರ್ಜುನ ಖರ್ಗೆಯವರಿಗೆ. 1972ರಲ್ಲಿ ಗುರುಮಠಕಲ್‌ನಿಂದ ಶುರು ಮಾಡಿದ ಅವರು 2019ರಲ್ಲಿ ಕಲಬುರಗಿಯಲ್ಲಿ ಸೋಲುವ ತನಕ ಸೋಲು ಕಂಡಿರಲಿಲ್ಲ. ಸಿದ್ದರಾಮಯ್ಯನವರ ಕಥೆಯೇ ಬೇರೆ. ವಿಧಾನಸಭೆಗೆ ಹನ್ನೆರಡು ಸಲ ಸ್ಪರ್ಧಿಸಿ (2018ರ ಎರಡು ಕ್ಷೇತ್ರಗಳನ್ನು ಎರಡು ಸಲ ಅಂತ ಎಣಿಸಿ) ಒಂಬತ್ತು ಸಲ ಗೆದ್ದಿದ್ದಾರೆ, ಮೂರು ಸಲ ಸೋತಿದ್ದಾರೆ. ಲೋಕಸಭೆಗೆ ಎರಡು ಸಲ ನಿಂತರು, ಎರಡೂ ಸಲ ಸೋತರು. ಒಟ್ಟು ಐದು ಸೋಲು. ವಿಧಾನಸಭೆಯ ಆ ಮೂರೂ ಸೋಲು ಒಂದೇ ಕ್ಷೇತ್ರದಲ್ಲಿ, ನಾನು ಓಟು ಹಾಕುವ ಮೈಸೂರಿನ ಚಾಮುಂಡೇಶ್ವರಿಯಲ್ಲಿ. ಹಾಗಾಗಿ ಈ ಲೆಕ್ಕ ನನಗೆ ಬಾಯಿಪಾಠ. ಯಾರಿಗೆ ಓಟು ಹಾಕಿದೆ ಅಂತ ಮಾತ್ರ ಕೇಳಬೇಡಿ.

ಶುರುವಾಗಿದ್ದು 1978ರಲ್ಲಿ, ಮೈಸೂರು ತಾಲ್ಲೂಕು ಬೋರ್ಡಿನಿಂದ. ಸಿದ್ದರಾಮನಹುಂಡಿಯ ಹುಡುಗ ಆಗ ಮೈಸೂರಿನಲ್ಲಿ ವಕೀಲ. ತಾಲ್ಲೂಕು ಬೋರ್ಡ್ ಅಂದರೆ ಈಗಿನ ತಾಲ್ಲೂಕು ಪಂಚಾಯಿತಿಯ ಹಳೇ ರೂಪ ಅಂದುಕೊಳ್ಳಿ. ರಸ್ತೆ, ಬಾವಿ, ಶಾಲೆ ಕಟ್ಟಡ, ಇಂಥ ಕೆಲಸ. ಅಲ್ಲಿ ಸದಸ್ಯರಾದ ಎರಡೇ ವರ್ಷಕ್ಕೆ, 1980ರಲ್ಲಿ, ನೇರವಾಗಿ ಮೈಸೂರು ಲೋಕಸಭೆಗೆ ನಿಂತರು. ಅದು ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದ ಚುನಾವಣೆ. ಗೆದ್ದಿದ್ದು ಕಾಂಗ್ರೆಸ್ಸಿನ ಎಂ. ರಾಜಶೇಖರಮೂರ್ತಿ. ಈ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಬರುತ್ತದೆ.

1983ರಲ್ಲಿ ಚಾಮುಂಡೇಶ್ವರಿ ಕೈ ಹಿಡಿಯಿತು. ಲೋಕದಳದ ಅಭ್ಯರ್ಥಿ, ದೊಡ್ಡ ಪಕ್ಷದ ಬಲ ಇಲ್ಲ, ಆದರೂ ಗೆದ್ದರು. ಆಗ ರಾಜ್ಯದಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಸಿದ್ದರಾಮಯ್ಯ ಅದಕ್ಕೆ ಬೆಂಬಲ ಕೊಟ್ಟರು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು. 1985ರ ಮಧ್ಯಂತರ ಚುನಾವಣೆಯಲ್ಲಿ ಜನತಾ ಪಕ್ಷದಿಂದ ಮತ್ತೆ ಗೆದ್ದರು, ಮಂತ್ರಿಯಾದರು.

ಇಲ್ಲಿಂದ ಒಂದು ವಿಚಿತ್ರ ಶುರುವಾಗುತ್ತದೆ. ಮಂತ್ರಿಯಾಗಿ ಕೆಲಸ ಮಾಡಿ 1989ರಲ್ಲಿ ಓಟು ಕೇಳಲು ಬಂದರು, ಸೋತರು. ಸೋಲಿಸಿದ್ದು ಯಾರು? ಅದೇ ರಾಜಶೇಖರಮೂರ್ತಿ. 1994ರಲ್ಲಿ ಜನತಾದಳದಿಂದ ಗೆದ್ದರು. ಎಚ್.ಡಿ. ದೇವೇಗೌಡರ ಸಂಪುಟದಲ್ಲಿ ಹಣಕಾಸು ಮಂತ್ರಿ, 1996ರಲ್ಲಿ ಜೆ.ಎಚ್. ಪಟೇಲರ ಕೆಳಗೆ ಉಪಮುಖ್ಯಮಂತ್ರಿ. ಅಷ್ಟೆಲ್ಲ ಆಗಿ 1999ರಲ್ಲಿ ಕ್ಷೇತ್ರಕ್ಕೆ ಬಂದರೆ ಮತ್ತೆ ಸೋಲು, ಈ ಸಲ ಕಾಂಗ್ರೆಸ್ಸಿನ ಎ.ಎಸ್. ಗುರುಸ್ವಾಮಿ ಎದುರು. 2013ರಿಂದ ಐದು ವರ್ಷ ಮುಖ್ಯಮಂತ್ರಿಯಾಗಿದ್ದು 2018ರಲ್ಲಿ ಇದೇ ಕ್ಷೇತ್ರಕ್ಕೆ ಬಂದರು. ಏನಾಯಿತು ಅಂತ ನಿಮಗೂ ಗೊತ್ತಿರಬಹುದು. ವರ್ಷಗಟ್ಟಲೆ ಅಧಿಕಾರ ನಡೆಸಿ ಬಂದ ಈ ಮೂರು ಸಲವೂ ಚಾಮುಂಡೇಶ್ವರಿ ಅವರನ್ನು ವಿಧಾನಸಭೆಗೆ ವಾಪಸ್ ಕಳಿಸಿಲ್ಲ. 1985ರ ಮಧ್ಯಂತರ ಚುನಾವಣೆ ಬಿಟ್ಟರೆ, ಅಧಿಕಾರ ಇಲ್ಲದೆ ಬರಿಗೈಲಿ ಬಂದಾಗ ಮಾತ್ರ ಕರೆದು ಕೂರಿಸಿದೆ. 1983, 1994, 2004, 2006, ನೋಡಿ ಬೇಕಾದರೆ.

1989 ಮತ್ತು 1999 ಎರಡೂ ರಾಜ್ಯಕ್ಕೆ ರಾಜ್ಯವೇ ಕಾಂಗ್ರೆಸ್ ಕಡೆ ವಾಲಿದ ವರ್ಷಗಳು ಅನ್ನುವುದು ನಿಜ. 1989ರಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತ್ತು. 1999ರ ಹೊತ್ತಿಗೆ ಜನತಾದಳ ಎರಡು ಹೋಳಾಗಿತ್ತು, ಸಿದ್ದರಾಮಯ್ಯ ದೇವೇಗೌಡರ ಜೆಡಿಎಸ್ ಕಡೆ ಇದ್ದರು. ಆ ಗಾಳಿಗೆ ಯಾರು ನಿಂತಿದ್ದರೂ ಕಷ್ಟವೇ. ಆದರೂ ಮಂತ್ರಿಯಾದವರು ಬೆಂಗಳೂರಿನಲ್ಲೇ ಜಾಸ್ತಿ ಇರುತ್ತಾರೆ, ಊರಿನ ಮದುವೆ, ತಿಥಿ, ಜಾತ್ರೆಗಳಿಗೆ ಸಿಗುವುದಿಲ್ಲ ಅನ್ನುವ ಗೊಣಗಾಟ ನಮ್ಮ ಕಡೆ ಯಾವಾಗಲೂ ಇದ್ದದ್ದೇ. ಅದನ್ನು ಸುಮ್ನೆ ತಳ್ಳಿಹಾಕಬೇಡಿ.

ನಡುವೆ 1991ರಲ್ಲಿ ಕೊಪ್ಪಳ ಲೋಕಸಭೆಗೂ ನಿಂತು ಸೋತರು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಜಾಸ್ತಿ ಏನಿಲ್ಲ.

ಹೇಳಲೇಬೇಕಾದದ್ದು 2006. 2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಸರ್ಕಾರ ಮಾಡಿದವು. ಧರ್ಮಸಿಂಗ್ ಮುಖ್ಯಮಂತ್ರಿ, ಜೆಡಿಎಸ್‌ನಿಂದ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಅಹಿಂದ (ಅಲ್ಪಸಂಖ್ಯಾತರು, ಹಿಂದುಳಿದವರು, ದಲಿತರು) ಸಮಾವೇಶಗಳ ವಿಚಾರಕ್ಕೆ ದೇವೇಗೌಡರ ಜೊತೆ ಕೆಟ್ಟಿತು. 2005ರಲ್ಲಿ ಕುರ್ಚಿ ಹೋಯಿತು, ಪಕ್ಷವೂ ಹೋಯಿತು. ಮರುವರ್ಷ ಕಾಂಗ್ರೆಸ್ ಸೇರಿದರು, ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಂತರು. ಅಷ್ಟರಲ್ಲಿ ರಾಜ್ಯದಲ್ಲಿ ಕುಮಾರಸ್ವಾಮಿ ಮತ್ತು ಯಡಿಯೂರಪ್ಪನವರ ಸರ್ಕಾರ. ಅಂದರೆ ಆಳುವ ಎರಡು ಪಕ್ಷ ಒಂದು ಕಡೆ, ಇವರೊಬ್ಬರು ಇನ್ನೊಂದು ಕಡೆ. ಮಂತ್ರಿಗಳ ಕಾರುಗಳ ಧೂಳು ನಮ್ಮ ಹಳ್ಳಿಗಳಲ್ಲಿ ಇಳಿದಿದ್ದೇ ಇಲ್ಲ.

ಎಣಿಕೆಯ ದಿನ ನಾನು ಸೋದರಮಾವನ ಮನೆಯಲ್ಲಿದ್ದೆ. ಅವರಿಗೆ ಪೇಪರಿನ ಅಂಚಿನಲ್ಲಿ ಲೀಡ್ ಬರೆದುಕೊಂಡು ಕೂರುವ ಚಾಳಿ. ಫೋನಿನಲ್ಲಿ ಯಾರೋ ಫಲಿತಾಂಶ ಹೇಳಿದರು. ಮಾವ 'ಎರಡು ಸಾವಿರದ ಐನೂರ ಎಪ್ಪತ್ತಾ?' ಅಂದರು. ಅಲ್ಲ. 'ಇಪ್ಪತ್ತೈದು ಸಾವಿರವಾ?' ಅಲ್ಲ ಮಾರಾಯ್ರೇ, ಬರೀ ಇನ್ನೂರ ಐವತ್ತೇಳು. ಮಾವ ಬರೆದ ಅಂಕಿಯ ಸುತ್ತ ಮೂರು ಸಲ ಗೆರೆ ಎಳೆದರು. 257 ಓಟು ಅಂದರೆ ಲೆಕ್ಕ ಹಾಕಿ: 129 ಜನ ಮನಸ್ಸು ಬದಲಾಯಿಸಿ ಪಕ್ಕದ ಬಟನ್ ಒತ್ತಿದ್ದರೆ ಫಲಿತಾಂಶ ತಿರುಗುತ್ತಿತ್ತು. ಎರಡು ಸಿಟಿ ಬಸ್ಸಿನಲ್ಲಿ ಒತ್ತೊತ್ತಾಗಿ ನಿಂತರೆ ತುಂಬುವಷ್ಟು ಜನ. ಆ ದಿನ ಸೋತಿದ್ದರೆ ಕಾಂಗ್ರೆಸ್ಸಿನಲ್ಲಿ ಅವರ ಮಾತು ಇಷ್ಟು ನಡೆಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಹೊಸದಾಗಿ ಬಂದವರು, ಜೊತೆಗೆ ಸೋತವರು, ಯಾರು ಕೇಳುತ್ತಾರೆ?

2008ಕ್ಕೆ ಕ್ಷೇತ್ರ ಪುನರ್ವಿಂಗಡಣೆ ಆಯಿತು. ವರುಣಾ ಅನ್ನುವ ಹೊಸ ಕ್ಷೇತ್ರ ಬಂತು, ಸಿದ್ದರಾಮನಹುಂಡಿ ಅದರೊಳಗೆ ಸೇರಿತು. ಅವರೂ ಅಲ್ಲಿಗೆ ಹೋದರು. 2008, 2013 ಎರಡರಲ್ಲೂ ಗೆದ್ದರು. ಎರಡನೇ ಗೆಲುವಿಗೆ ಮುಖ್ಯಮಂತ್ರಿ ಪಟ್ಟ.

ಹಾಗಿದ್ದರೆ 2018ರಲ್ಲಿ ಯಾಕೆ ಚಾಮುಂಡೇಶ್ವರಿಗೆ ವಾಪಸ್ ಬಂದರು? ವರುಣಾವನ್ನು ಮಗ ಯತೀಂದ್ರರಿಗೆ ಬಿಟ್ಟುಕೊಟ್ಟರು. ನನ್ನ ಪ್ರಕಾರ ಐದು ಸೋಲುಗಳಲ್ಲಿ ಪೂರ್ತಿ ಅವರ ಕೈಯಾರೆ ಆದದ್ದು ಇದೊಂದೇ. ಎದುರಿಗಿದ್ದ ಜೆಡಿಎಸ್‌ನ ಜಿ.ಟಿ. ದೇವೇಗೌಡ ಆಗ ಹಾಲಿ ಶಾಸಕರು, ಹಿಂದೆ ಒಂದೇ ಪಕ್ಷದಲ್ಲಿ ಜೊತೆಗಿದ್ದವರು, ಇವರ ಲೆಕ್ಕಾಚಾರ ಎಲ್ಲ ಬಲ್ಲವರು. ಜೊತೆಗೆ ಕ್ಷೇತ್ರವೂ ಹಳೇದಲ್ಲ. ಮೈಸೂರು ನಗರ ಬೆಳೆದು ಹೊಲಗಳೆಲ್ಲ ಬಡಾವಣೆ ಆಗಿದ್ದವು. ನನ್ನ ಬೂತಿನ ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆ 1983ರ ಕಥೆ ಹೇಳಿದರೆ 'ಹೌದಾ?' ಅಂತ ಕೇಳುವವರೇ ಜಾಸ್ತಿ. ಫಲಿತಾಂಶ: 36,042 ಓಟಿನ ಸೋಲು. ಅದೂ ಹಾಲಿ ಮುಖ್ಯಮಂತ್ರಿಗೆ.

ಅದೃಷ್ಟಕ್ಕೆ ಬಾದಾಮಿಯಲ್ಲೂ ನಾಮಪತ್ರ ಹಾಕಿದ್ದರು. ಒಬ್ಬರು ಎರಡು ಕ್ಷೇತ್ರದ ತನಕ ನಿಲ್ಲಬಹುದು, ಕಾನೂನು ಅಷ್ಟಕ್ಕೆ ಬಿಡುತ್ತದೆ. ವಿಧಾನಸಭೆಗೆ ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನಿಂತ ಊರಲ್ಲೇ ಇರಬೇಕು ಅಂತಿಲ್ಲ. ಹಾಗಾಗಿ ಮೈಸೂರಿನವರು ಬಾಗಲಕೋಟೆ ಜಿಲ್ಲೆಗೆ ಹೋಗಿ ಓಟು ಕೇಳಿದರು. ಅಲ್ಲಿ ಬಿಜೆಪಿಯ ಶ್ರೀರಾಮುಲು ಎದುರು 1,696 ಓಟಿನಲ್ಲಿ ಗೆದ್ದರು. ಇದೂ ಕೂದಲೆಳೆಯ ಗೆಲುವೇ, ಆದರೆ 257 ನೋಡಿದವರಿಗೆ ಇದು ದೊಡ್ಡದಾಗಿಯೇ ಕಂಡಿತು.

2023ರಲ್ಲಿ ಮೊದಲು ಕೋಲಾರ ಅಂದರು, ಆಮೇಲೆ ವರುಣಾಕ್ಕೇ ಬಂದರು. ಎದುರಿಗೆ ಬಿಜೆಪಿಯ ವಿ. ಸೋಮಣ್ಣ. ತಮಾಷೆ ಏನೆಂದರೆ ಈ ಸಲ ಎರಡು ಕಡೆ ನಿಂತವರು ಸೋಮಣ್ಣ, ವರುಣಾ ಮತ್ತು ಚಾಮರಾಜನಗರ. ಎರಡೂ ಕಡೆ ಸೋತರು. ಸಿದ್ದರಾಮಯ್ಯ 46,163 ಓಟಿನಿಂದ ಗೆದ್ದು ಎರಡನೇ ಸಲ ಮುಖ್ಯಮಂತ್ರಿಯಾದರು. ಚಾಮುಂಡೇಶ್ವರಿಯಲ್ಲಿ ಮತ್ತೆ ಜಿ.ಟಿ. ದೇವೇಗೌಡರೇ ಗೆದ್ದರು.

ವರುಣಾ ಅವರಿಗೆ ಯಾವತ್ತೂ ಕೈ ಕೊಟ್ಟಿಲ್ಲ ಅಂತ ಕೆಲವರು ಹೇಳುತ್ತಾರೆ. ಹೌದು. ಆದರೆ 2008, 2013, 2023 ಮೂರು ಸಲವೂ ಅವರು ಅಲ್ಲಿ ಓಟು ಕೇಳಿದ್ದು ಅಧಿಕಾರದಲ್ಲಿ ಇಲ್ಲದಾಗ. ಗಾದಿ ಮೇಲೆ ಕೂತು ಓಟು ಕೇಳಬೇಕಾದ 2018ರಲ್ಲಿ ಅಲ್ಲಿ ನಿಂತಿದ್ದು ಮಗ. ಆ ಪರೀಕ್ಷೆಯನ್ನು ವರುಣಾ ಅಪ್ಪನಿಗೆ ಕೊಟ್ಟೇ ಇರಲಿಲ್ಲ ನೋಡಿ.

ಕೊನೆಗೆ ಲೆಕ್ಕದ ಬಗ್ಗೆ ಒಂದು ಮಾತು. ಚಾಮುಂಡೇಶ್ವರಿಯಲ್ಲಿ ಐದು, ವರುಣಾದಲ್ಲಿ ಮೂರು, ಬಾದಾಮಿಯಲ್ಲಿ ಒಂದು, ಒಟ್ಟು ಒಂಬತ್ತು. ಯಾರಾದರೂ ನಿಮಗೆ ಎಂಟು ಅಂದರೆ, ಆ 257ರ ಉಪಚುನಾವಣೆ ಬಿಟ್ಟು ಎಣಿಸಿದ್ದಾರೆ.